ಪೊರಕೆಯೂ ಬೆರಳೂ

ಕುವೆಂಪು ಅವರ ‘ಜಲಗಾರ’ ನಾಟಕವನ್ನು ತರಗತಿಯಲ್ಲಿ ಓದಿಸುವುದು ನನಗೆ ಹದಿನೈದು ವರ್ಷಗಳಿಂದ ನಡೆದುಬಂದ ಅಭ್ಯಾಸ. ಪಠ್ಯವಾಗಿದ್ದ ವರ್ಷ ಪಠ್ಯವೆಂದು, ಇಲ್ಲದ ವರ್ಷ ನವೋದಯದ ನಾಟಕಕ್ಕೆ ಉದಾಹರಣೆಯೆಂದು. ಯಾವ ಮಾತಿಗೆ ವಿದ್ಯಾರ್ಥಿಗಳು ತಲೆಯೆತ್ತುತ್ತಾರೆ, ಯಾವ ಘಟ್ಟದಲ್ಲಿ ಹಿಂದಿನ ಬೆಂಚು ಕೂಡ ಸುಮ್ಮನಾಗುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಹೀಗೆ ಬಾಯಿಪಾಠವಾದ ಕೃತಿಯನ್ನು ನಾವು ಓದುವುದನ್ನೇ ಬಿಟ್ಟಿರುತ್ತೇವೆ. ಅದು ನಮಗೆ ತಿಳಿಯಬೇಕಾದರೆ ಯಾರಾದರೂ ಒಂದು ಪೆದ್ದುಪ್ರಶ್ನೆ ಕೇಳಬೇಕು. ಹೋದ ವರ್ಷ ರಾಜಾಜಿನಗರದ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: “ಸಾರ್, ಇವನು ಗುಡಿಸಿದ ಕಸ ಆಮೇಲೆ ಎಲ್ಲಿಗೆ ಹೋಗತ್ತೆ?”

ತರಗತಿ ನಕ್ಕಿತು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಪಾಠ ಮುಗಿದ ಮೇಲೆ ಮೊಗಸಾಲೆಯಲ್ಲಿ ಆಕೆ ಕಾದು ನಿಂತಿದ್ದಳು. “ತಮಾಷೆಗೆ ಕೇಳಲಿಲ್ಲ ಸಾರ್. ನಮ್ಮಮ್ಮ ನಾಯಂಡಹಳ್ಳಿ ಹತ್ರ ಪ್ಲಾಸ್ಟಿಕ್ ಗೋಡೌನಲ್ಲಿ ಕೆಲಸ ಮಾಡ್ತಾರೆ. ಅವರು ಗುಡಿಸೋದಿಲ್ಲ, ಆರಿಸ್ತಾರೆ.”

ಗುಡಿಸುವುದು ಬೇರೆ, ಆರಿಸುವುದು ಬೇರೆ. ಕನ್ನಡದ ಮೇಷ್ಟರಿಗೆ ಎರಡು ಕ್ರಿಯಾಪದಗಳ ವ್ಯತ್ಯಾಸವನ್ನು ಶಿಷ್ಯೆಯಿಂದ ಕಲಿಯಬೇಕಾಗಿ ಬಂದದ್ದು ಅವಮಾನವೇನಲ್ಲ. ಆದರೆ ಆ ವ್ಯತ್ಯಾಸ ನನ್ನ ಮೆಚ್ಚಿನ ನಾಟಕದ ಮೇಲೆ ಎಸೆದ ಬೆಳಕು ನನ್ನನ್ನು ಇಂದಿಗೂ ಕಾಡುತ್ತಿದೆ. ಅದೇ ಈ ಲೇಖನಕ್ಕೆ ಕಾರಣ.

‘ಜಲಗಾರ’ ಪ್ರಕಟವಾದದ್ದು 1928ರಲ್ಲಿ. ಊರೆಲ್ಲ ಶಿವಾಲಯದ ಜಾತ್ರೆಗೆ ನಡೆದಿರುವಾಗ, ಗುಡಿಯೊಳಕ್ಕೆ ಪ್ರವೇಶವಿಲ್ಲದ ಜಲಗಾರ ತನ್ನ ಕೆಲಸದಲ್ಲಿಯೇ ಉಳಿದಿದ್ದಾನೆ. ಅವನೆದುರಿಗೆ ಶಿವನೇ ಜಲಗಾರನಾಗಿ ಬಂದು ನಿಂತು, ತಾನೂ ಈ ಜಗತ್ತನ್ನು ಗುಡಿಸುವವನೆ ಎಂದು ತಿಳಿಸುತ್ತಾನೆ. ಇಪ್ಪತ್ತರ ಹರೆಯದ ಕವಿಯೊಬ್ಬ ಗುಡಿಯಿಂದ ದೇವರನ್ನು ಬೀದಿಗೆ ಕರೆತಂದ ಈ ದೃಶ್ಯ ನಮ್ಮ ರಂಗಭೂಮಿಯ ಧೀರವಾದ ದೃಶ್ಯಗಳಲ್ಲಿ ಒಂದು. ಅದರ ಹಿರಿಮೆಯನ್ನು ತಗ್ಗಿಸುವ ಉದ್ದೇಶ ನನಗಿಲ್ಲ. ಆದರೆ ಹುಡುಗಿಯ ಪ್ರಶ್ನೆಯನ್ನು ಹಿಡಿದು ಮತ್ತೊಮ್ಮೆ ಓದಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ರೂಪಕವು ಜಲಗಾರನನ್ನು ಮೇಲೆತ್ತುತ್ತದೆ. ಎತ್ತುವಾಗ ಅವನ ಕೆಲಸವನ್ನು ನೆಲದ ಮೇಲೆಯೇ ಬಿಟ್ಟು ಹೋಗುತ್ತದೆ. ಜಗತ್ತಿನ ಕೊಳೆಯನ್ನೆಲ್ಲ ಗುಡಿಸುವ ಶಿವನಿಗೆ ಕೊಳೆ ಎಂಬುದು ಒಂದೇ ರಾಶಿ. ಪೊರಕೆಗೆ ಭೇದವಿಲ್ಲ. ಆರಿಸುವವಳಿಗಾದರೋ ರಾಶಿಯೆಂಬುದು ಕೆಲಸದ ಆರಂಭ ಮಾತ್ರ. ಸಂಜೆಯ ವೇಳೆಗೆ ‘ಕಸ’ ಎಂಬ ಪದಾರ್ಥವೇ ಅಲ್ಲಿ ಉಳಿದಿರಬಾರದು.

ಕವಿಯನ್ನು ದೂರುವುದು ನ್ಯಾಯವಲ್ಲ. ಅಂದಿನ ಪ್ರಶ್ನೆ ದೇವಾಲಯದ ಬಾಗಿಲಿನದು. ಪಾಲಿಥೀನನ್ನು ಇಂಗ್ಲೆಂಡಿನ ಪ್ರಯೋಗಶಾಲೆಯಲ್ಲಿ ಕಂಡುಹಿಡಿದದ್ದೇ 1933ರಲ್ಲಿ, ನಾಟಕ ಅಚ್ಚಾದ ಐದು ವರ್ಷಗಳ ಅನಂತರ. ದೂರಬೇಕಾದದ್ದು ಆ ಬಳಿಕ ಬಂದ ನಮ್ಮನ್ನು. ಕಸದ ಜತೆ ಬದುಕುವವರನ್ನು ಕುರಿತು ನಾವು ಬರೆದಾಗಲೆಲ್ಲ ಕರುಣೆಯನ್ನು ಬರೆದೆವು, ಇಲ್ಲವೆ ದೈವತ್ವವನ್ನು ಆರೋಪಿಸಿದೆವು. ಅವರಿಗೆ ಒಂದು ವಿದ್ಯೆ ಇದೆ ಎಂದು ಬರೆದದ್ದು ವಿರಳ.

ವಿಚಿತ್ರವೆಂದರೆ ಆ ವಿದ್ಯೆಯ ನೆನಪು ‘ಜಲಗಾರ’ ಎಂಬ ಪದದಲ್ಲಿಯೇ ಅಡಗಿದೆ. ಧಾರವಾಡ ಸೀಮೆಯಲ್ಲಿ, ಕಪ್ಪತಗುಡ್ಡದಿಂದ ಇಳಿದು ಬರುವ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದವರಿಗೆ ಜಲಗಾರರೆಂದೇ ಹೆಸರು. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫುಟ್ ಅವರ ಬರಹದಲ್ಲಿಯೂ 1884ರ ಧಾರವಾಡ ಗೆಜೆಟಿಯರಿನಲ್ಲಿಯೂ ಈ ಜನ ಬರುತ್ತಾರೆ. ಮರಳಿನ ರಾಶಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿನ್ನ. ಅದನ್ನು ನೀರು ಮತ್ತು ಕೈಯ ಅಲುಗಾಟದಿಂದಲೇ ಬೇರೆ ಮಾಡುವ ಹದ. ನಮ್ಮ ಅಡಿಗೆಮನೆಯಲ್ಲಿ ಅಕ್ಕಿಯಿಂದ ಕಲ್ಲು ತೆಗೆಯಲು ಜಾಲಿಸುತ್ತಾರಲ್ಲ, ಅದೇ ಕೆಲಸ. ವ್ಯುತ್ಪತ್ತಿಯ ಮಾತು ಹಾಗಿರಲಿ, ಎರಡು ಕಡೆಯೂ ಕೈ ಒಂದೇ. ಹೀಗೆ ಹೊನ್ನನ್ನು ಆರಿಸುತ್ತಿದ್ದವನ ಹೆಸರು ಬೀದಿ ಗುಡಿಸುವವನ ಹೆಸರೂ ಆಯಿತು. ಪೊರಕೆ ಉಳಿದು ಮರಿಗೆ ಮರೆಯಾಯಿತು.

ಇನ್ನೂ ಹಿಂದಕ್ಕೆ ಹೋದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಸಿಗುತ್ತಾರೆ. ಹನ್ನೆರಡನೆಯ ಶತಮಾನದ ಈ ದಂಪತಿಗಳ ಹೆಸರಿಗೆ ಅಂಟಿಕೊಂಡಿರುವುದೇ ಆಯುವ ಕಾಯಕ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ನೇಮ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮದಲ್ಲ, ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಅದನ್ನು ನಾವು ನಿರಾಸೆಯ ಪಾಠವೆಂದು ಹೇಳುತ್ತೇವೆ. ಅದು ನಿರಾಸೆಯ ಪಾಠ ಹೌದು. ಜತೆಗೆ ಆಯುವವಳ ಎಚ್ಚರದ ಕಥೆಯೂ ಹೌದು. ಮಡಿಲಿಗೆ ಬಿದ್ದ ಅಕ್ಕಿಯ ಅಳತೆ ನೋಡಿಯೇ ಇದು ಎಂದಿನ ಆಯ್ಕೆಯದಲ್ಲ ಎಂದು ಕಂಡುಹಿಡಿಯುವುದು ಸುಲಭದ ಮಾತಲ್ಲ. ಬಸವಣ್ಣನವರ ಹೆಸರಿನ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ನನಗೆ ಈ ಹೊಳಹು ಇಷ್ಟು ತಡವಾಗಿ ಬಂತು.

ಆ ಹುಡುಗಿಯ ತಾಯಿಯನ್ನು ನೋಡಲು ಒಂದು ಶನಿವಾರ ಹೋದೆ. ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯನ ಗುಡಿ ದಾಟಿ ಮುಂದೆ ಹೋದರೆ ನಾಯಂಡಹಳ್ಳಿ. ನಗರದ ಪ್ಲಾಸ್ಟಿಕ್ ಗುಜರಿಯ ದೊಡ್ಡ ಪಾಲು ಇಲ್ಲಿಯ ಗೋದಾಮುಗಳಿಗೆ ಬಂದು ಬೀಳುತ್ತದೆ. ತಗಡಿನ ಸೂರು, ಕೆಳಗೆ ಮೂಟೆಗಳ ಗುಡ್ಡ, ನಡುವೆ ಐದಾರು ಮಂದಿ ಹೆಂಗಸರು. “ಕೂತ್ಕೊಳ್ಳಿ ಮೇಷ್ಟ್ರೆ, ಬಟ್ಟೆ ಕೊಳೆ ಆಗತ್ತೆ” ಎಂದು ಆಕೆ ಒಂದು ಚೀಲವನ್ನು ಝಾಡಿಸಿ ಹಾಸಿಕೊಟ್ಟರು. ಮಾತಾಡುತ್ತಲೇ ಇದ್ದರು, ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

ಹಾಲಿನ ಕವರು ಒಂದು ಕಡೆಗೆ, ನೀರಿನ ಬಾಟಲಿ ಒಂದು ಕಡೆಗೆ, ಅದರ ಮುಚ್ಚಳ ಮತ್ತೊಂದು ಕಡೆಗೆ. ಬಾಟಲಿ ಒಂದು ಜಾತಿ, ಮುಚ್ಚಳ ಇನ್ನೊಂದು ಜಾತಿ. ಇಷ್ಟು ನನ್ನಂಥವನಿಗೂ ಹೇಳಿಕೊಟ್ಟರೆ ಬಂದೀತು. ಮುಂದಿನದೇ ವಿದ್ಯೆ. ತೆಳ್ಳನೆಯ ಕೈಚೀಲವನ್ನು ಹಿಡಿದು ಕಿವಿಯ ಬಳಿ ಮುದುಡಿದರು: ಗರಗರ ಸದ್ದು ಮಾಡಿದ್ದು ಒಂದು ಬಗೆ, ಸದ್ದಿಲ್ಲದೆ ಮೆತ್ತಗೆ ಮುದುಡಿದ್ದು ಇನ್ನೊಂದು ಬಗೆ. ಗಟ್ಟಿ ಡಬ್ಬಿಯನ್ನು ಉಗುರಿನಿಂದ ಗೀರಿದರು. ಇನ್ನೊಂದನ್ನು ಬಗ್ಗಿಸಿದರು, ಚಟ್ಟನೆ ಮುರಿದದ್ದು ‘ಕಡಕ್’. ಪಾರದರ್ಶಕವಾದ ಒಂದು ಸೀಸೆಯನ್ನು ಮಡಿಸಿದಾಗ ಮಡಿಕೆಯಲ್ಲಿ ಬಿಳಿಯ ಗೆರೆ ಮೂಡಿತು. “ಇದು ಪಿವಿಸಿ. ನೀರಿನ ಬಾಟ್ಲಿ ಜತೆ ಇದೊಂದು ಸೇರಿದ್ರೆ ಮಾಲೆಲ್ಲ ಹಾಳು ಸಾರ್, ವಾಪಸ್ ಕಳಿಸ್ತಾರೆ.” ಆಕೆ ಹೇಳಿದ್ದು ಅಕ್ಷರಶಃ ನಿಜ. ನೀರಿನ ಬಾಟಲಿಯ ಪ್ಲಾಸ್ಟಿಕ್ಕು ಕರಗಲು ಸುಮಾರು 250 ಡಿಗ್ರಿ ಶಾಖ ಬೇಕು. ಆ ಶಾಖದಲ್ಲಿ ಪಿವಿಸಿ ಕರಗುವುದಲ್ಲ, ಒಡೆದು ಆಮ್ಲವನ್ನು ಕಾರುತ್ತದೆ, ಕರಿಯ ಚುಕ್ಕೆಗಳನ್ನು ಬಿಡುತ್ತದೆ. ರಸಾಯನಶಾಸ್ತ್ರದ ಈ ಸಂಗತಿಯನ್ನು ಪುಸ್ತಕದಲ್ಲಿ ಓದಿ ತಿಳಿದುಕೊಂಡವನು ನಾನು. ಬೆರಳಿನಿಂದ ತಿಳಿದುಕೊಂಡವರು ಅವರು.

ಅನುಮಾನ ಬಂದದ್ದನ್ನು ನೀರಿಗೆ ಹಾಕುತ್ತಾರೆ. ಮುಚ್ಚಳ, ಬಕೆಟ್ಟು, ಹಾಲಿನ ಕವರಿನ ಜಾತಿಯವು ತೇಲುತ್ತವೆ. ಬಾಟಲಿಯ ಚೂರು, ಪಿವಿಸಿ ಮುಳುಗುತ್ತವೆ. ನೀರಿಗೆ ಉಪ್ಪು ಕೂಡಿಸಿದರೆ ಮುಳುಗಿದವುಗಳಲ್ಲಿ ‘ಕಡಕ್’ ಮೇಲಕ್ಕೇಳುತ್ತದೆ. ಕಪ್ಪತಗುಡ್ಡದ ಜಲಗಾರ ನನಗೆ ನೆನಪಾದದ್ದು ಆ ತೊಟ್ಟಿಯ ಮುಂದೆಯೆ.

ಗೋದಾಮಿನ ಹಿಂದೆ ವೃಷಭಾವತಿ ಹರಿಯುತ್ತಾಳೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಸ್ಥಳಪುರಾಣ. ಈಗ ಹೇಗಿದ್ದಾಳೆಂದು ಕೆಂಗೇರಿಗೆ ಬಸ್ಸಿನಲ್ಲಿ ಹೋಗುವವರ ಕರವಸ್ತ್ರಗಳೇ ಹೇಳುತ್ತವೆ. ಬೈರಮಂಗಲದ ಕೆರೆ ದಾಟಿ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯ ಪಾಲಾಗಿ, ಕೊನೆಗೆ ಬಂಗಾಳ ಕೊಲ್ಲಿಗೆ. ಸಮುದ್ರವಿಲ್ಲದ ಊರು ನಮ್ಮದೆಂದು ನಾವು ತಿಳಿದಿದ್ದೇವೆ. ಈ ಹೆಂಗಸರ ಕೈತಪ್ಪಿ ಮಳೆನೀರಿಗೆ ಬಿದ್ದ ಚೀಲಕ್ಕೆ ಸಮುದ್ರದ ದಾರಿ ಚೆನ್ನಾಗಿ ಗೊತ್ತು.

ಹಾಗೆ ಸೇರಿದ್ದನ್ನು ಸಮುದ್ರದಿಂದ ಮತ್ತೆ ಎತ್ತುವ ಸಾಹಸ ಈಗ ನಡೆಯುತ್ತಿದೆ. 2013ರಲ್ಲಿ ಬೋಯಾನ್ ಸ್ಲಾಟ್ ಎಂಬ ಡಚ್ ತರುಣ ಆರಂಭಿಸಿದ ಸಂಸ್ಥೆ ಪೆಸಿಫಿಕ್ ಸಾಗರದ ನಡುವೆ ಬಲೆ ಎಳೆಯುತ್ತಿರುವುದನ್ನು ವಾಚಕರು ಚಿತ್ರಗಳಲ್ಲಿ ಕಂಡಿರಬಹುದು. ಹಡಗಿನ ಅಂಗಳಕ್ಕೆ ಸುರಿದ ರಾಶಿಯ ಮುಂದೆ ಕೊನೆಗೂ ಮನುಷ್ಯರೇ ನಿಂತು ಕೈಯಿಂದ ಆರಿಸುತ್ತಾರೆ. ಅಲ್ಲಿ ತೇಲುವುದರ ತೂಕದಲ್ಲಿ ಶೇಕಡ 46ರಷ್ಟಾದರೂ ಮೀನುಬಲೆಗಳೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ತೇಲುವುದು ಮಾತ್ರ ಮೇಲೆ ಉಳಿದಿರುವುದರಿಂದ ಸಮುದ್ರವೇ ಒಂದು ಸಲ ಜಾಲಿಸಿಕೊಟ್ಟಂತಾಗಿದೆ. ಆದರೆ ಉಪ್ಪೂ ಬಿಸಿಲೂ ಆ ವಸ್ತುಗಳ ಬಣ್ಣವನ್ನು ತಿಂದು, ಅಡಿಯಲ್ಲಿ ಅಚ್ಚೊತ್ತಿದ್ದ ಗುರುತಿನ ಅಂಕಿಯನ್ನು ಸವೆಸಿರುತ್ತವೆ. ಅಂಕಿ ಅಳಿಸಿಹೋದ ಮೇಲೆ ಉಳಿಯುವುದು ಉಗುರು, ಕಿವಿ, ನೀರಿನ ತೊಟ್ಟಿ. ನಾಯಂಡಹಳ್ಳಿಯ ವಿದ್ಯೆ ಪೆಸಿಫಿಕ್ಕಿಗೂ ಸಲ್ಲುತ್ತದೆ.

ಈಗ ಯಂತ್ರದ ಮಾತಿಗೆ ಬರಬೇಕು; ಏಕೆಂದರೆ ಯಂತ್ರ ಬರುತ್ತಿದೆ.

ಕೆಲವು ತಿಂಗಳ ಹಿಂದೆ ಕೆಂಗೇರಿಯ ಕಡೆ ನಡೆದ ಒಂದು ಗೋಷ್ಠಿಯಲ್ಲಿ ತರುಣ ಎಂಜಿನಿಯರೊಬ್ಬರು ಪ್ಲಾಸ್ಟಿಕ್ ವಿಂಗಡಣೆಯ ಯಂತ್ರವನ್ನು ಚಿತ್ರಸಹಿತ ವಿವರಿಸಿದರು. ಪಟ್ಟಿಯ ಮೇಲೆ ಕಸ ಓಡುತ್ತದೆ. ಮೇಲಿನಿಂದ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಬೀಳುತ್ತದೆ. ಒಂದೊಂದು ಜಾತಿಯ ಪ್ಲಾಸ್ಟಿಕ್ಕು ಒಂದೊಂದು ಬಗೆಯಾಗಿ ಆ ಬೆಳಕನ್ನು ಹಿಂದಿರುಗಿಸುತ್ತದೆ. ಯಂತ್ರ ಅದನ್ನು ಗುರುತಿಸಿ ಗಾಳಿಯ ಊದುವಿಕೆಯಿಂದ ಬೇಕಾದ ಗೂಡಿಗೆ ಹಾರಿಸುತ್ತದೆ. ಕೇಳಲು ರೋಮಾಂಚಕವಾಗಿತ್ತು. ಆತ ಸಜ್ಜನ, ಶ್ರದ್ಧಾವಂತ. ಆದರೆ ಆತನ ಭಾಷೆ ನನ್ನನ್ನು ಚುಚ್ಚಿತು. ‘ವಿಂಗಡಣೆ’ ಎಂಬ ಒಂದೇ ಪದ ಮತ್ತೆಮತ್ತೆ ಬಂತು. ಯಂತ್ರದಿಂದ ‘ಮಾನವದೋಷ’ ನಿವಾರಣೆಯಾಗುತ್ತದೆಂಬ ಮಾತೂ ಬಂತು. ಕೇರು, ಒನೆ, ತೂರು, ಜಾಲಿಸು, ಸೋಸು, ಆಯು, ಹೆಕ್ಕು, ಹಸನುಮಾಡು: ಒಂದು ಹಿಡಿ ಧಾನ್ಯವನ್ನು ಒಪ್ಪ ಮಾಡುವುದಕ್ಕೆ ಇಷ್ಟು ಕ್ರಿಯಾಪದಗಳನ್ನು ಇಟ್ಟುಕೊಂಡ ಭಾಷೆ ನಮ್ಮದು. ಒಂದೊಂದಕ್ಕೂ ಕೈಯ ಚಲನೆ ಬೇರೆ, ಸಲಕರಣೆ ಬೇರೆ, ತೆಗೆಯುವ ವಸ್ತು ಬೇರೆ. ಈ ಎಲ್ಲವನ್ನೂ ‘ವಿಂಗಡಣೆ’ ಎಂಬ ಒಂದೇ ಮೂಟೆಗೆ ತುಂಬಿದವನಿಗೆ ಕೈಯಲ್ಲಿ ದೋಷ ಮಾತ್ರ ಕಂಡರೆ ಆಶ್ಚರ್ಯವೇನು?

ಯಂತ್ರವೂ ಒಬ್ಬ ಓದುಗನೆ ಎಂದು ನಾನು ತಿಳಿಯುತ್ತೇನೆ. ಒಂದೇ ಛಂದಸ್ಸನ್ನು ಬಲ್ಲ ಓದುಗ. ತನ್ನ ಛಂದಸ್ಸಿನ ಪದ್ಯ ಬಂದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಗಣ ಹಾಕಿಬಿಡುತ್ತದೆ. ಆ ವೇಗ ಯಾವ ಕೈಗೂ ಬಾರದು. ಆದರೆ ಕಪ್ಪು ಪ್ಲಾಸ್ಟಿಕ್ಕಿನ ಮುಂದೆ ಅದಕ್ಕೆ ಕುರುಡು. ಬಣ್ಣಕ್ಕೆಂದು ಬೆರೆಸಿದ ಇಂಗಾಲ ಆ ಬೆಳಕನ್ನು ನುಂಗಿಬಿಡುವುದರಿಂದ ಹಿಂದಿರುಗಿ ಬರುವುದು ಏನೂ ಇಲ್ಲ. ಮೈತುಂಬ ಬೇರೆ ಜಾತಿಯ ಚೀಟಿ ಸುತ್ತಿಕೊಂಡ ಬಾಟಲಿಯ ಮುಂದೆ ಅದು ಚೀಟಿಯನ್ನು ಓದಿ ಬಾಟಲಿಯನ್ನು ಬಿಡುತ್ತದೆ. ಮುಖಪುಟ ನೋಡಿ ವಿಮರ್ಶೆ ಬರೆಯುವವರು ನಮ್ಮಲ್ಲಿಯೂ ಇದ್ದಾರೆನ್ನಿ. ಹಲವು ಪದರಗಳನ್ನು ಅಂಟಿಸಿ ಮಾಡಿದ ಚಿಪ್ಸಿನ ಪೊಟ್ಟಣ ಇನ್ನೊಂದು ತೊಡಕು. ಇವನ್ನೆಲ್ಲ ಆಕೆ ಮುಟ್ಟಿದಾಕ್ಷಣ ಬಲ್ಲರು.

ಹೀಗೆಂದು ಕೈಯನ್ನು ದೇವರು ಮಾಡಿ ಕೂರಿಸಿದರೆ ನಾನು ದೂರಿದ ತಪ್ಪನ್ನೇ ನಾನು ಮಾಡಿದಂತಾಗುತ್ತದೆ. ಆ ಕೈಗಳನ್ನು ನಾನು ನೋಡಿದ್ದೇನೆ. ಗಾಜು, ಸೂಜಿ, ತಂತಿ ಗೀರಿದ ಗುರುತುಗಳಿಲ್ಲದ ಬೆರಳಿಲ್ಲ. ದಿನವಿಡೀ ಕುಕ್ಕರುಗಾಲಿನಲ್ಲಿ ಕೂತು ಮಂಡಿ ಹಿಡಿದಿರುತ್ತದೆ. ಸುಟ್ಟ ವಾಸನೆಯಿಂದ ಜಾತಿ ಹೇಳುವ ಒಂದು ಪರೀಕ್ಷೆಯೂ ಇದೆ: ಮೇಣದಬತ್ತಿಯ ವಾಸನೆ ಬಂದರೆ ಒಂದು, ಮೂಗಿಗೆ ಕಾರವಾಗಿ ಹೊಡೆದರೆ ಪಿವಿಸಿ. ನಿಖರವಾದ ವಿದ್ಯೆ, ನಿಜ. ಆದರೆ ಆ ಹೊಗೆ ವಿಷ. ಒಂದು ವಿದ್ಯೆಗಾಗಿ ಶ್ವಾಸಕೋಶವನ್ನು ದಕ್ಷಿಣೆ ಕೊಡಬೇಕೆಂದು ಯಾವ ಸಹೃದಯನೂ ಹೇಳಲಾರ. ಇಲ್ಲಿ ಯಂತ್ರ ಬೇಕು, ಬಂದದ್ದು ತಡವಾಯಿತು. ನನ್ನ ತಕರಾರು ಯಂತ್ರ ಬರುವುದರ ಬಗ್ಗೆ ಅಲ್ಲ, ಅದು ಯಾರನ್ನು ಗುರುವೆಂದು ಒಪ್ಪಿ ಬರುತ್ತದೆ ಎಂಬುದರ ಬಗ್ಗೆ.

ಏಕೆಂದರೆ ಕ್ಯಾಮೆರಾದಿಂದ ನೋಡಿ ಕಲಿಯುವ ಹೊಸ ಯಂತ್ರಗಳಿಗೆ ಮೊದಲು ಸಾವಿರಾರು ಚಿತ್ರಗಳನ್ನು ತೋರಿಸಿ, ಇದು ಇಂಥದು, ಅದು ಅಂಥದು ಎಂದು ಯಾರಾದರೂ ಹೇಳಿಕೊಡಬೇಕು. ಹೇಳಿಕೊಡಬಲ್ಲವರು ಯಾರು? ಗೋಷ್ಠಿಯ ಕೊನೆಗೆ ಈ ಪ್ರಶ್ನೆಯನ್ನು ನಾನು ಕೇಳಿದಾಗ ಆತ ಪ್ರಾಮಾಣಿಕವಾಗಿಯೇ, “ಗೋಡೌನಿನ ಹೆಂಗಸರು ಸಾರ್” ಎಂದರು. ಅವರ ಹೆಸರು ಚಿತ್ರಗಳಲ್ಲೆಲ್ಲೂ ಇರಲಿಲ್ಲ. ಕನ್ನಡ ಅಧ್ಯಾಪಕನಿಗೆ ಇದು ಪರಿಚಿತವಾದ ಪಾಪ. ರಾತ್ರಿಯೆಲ್ಲ ಹಾಡಿದ ಅಜ್ಜಿಯ ಹೆಸರಿಲ್ಲದೆ, ಬರೆದುಕೊಂಡವನ ಹೆಸರನ್ನು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಜಾನಪದ ಸಂಗ್ರಹಗಳು ನಮ್ಮ ಗ್ರಂಥಾಲಯಗಳಲ್ಲಿ ಎಷ್ಟಿಲ್ಲ!

ಹೆಸರೆಂದರೆ ಮರ್ಯಾದೆಯ ಮಾತಷ್ಟೇ ಅಲ್ಲ, ಕೂಲಿಯ ಮಾತೂ ಹೌದು. ಬೆರಕೆ ಮಾಲಿಗೆ ಒಂದು ದರ, ಆರಿಸಿದ ಮಾಲಿಗೆ ಬೇರೆ ದರ. ಆ ಎರಡರ ನಡುವಿನ ಅಂತರವೇ ಈ ವಿದ್ಯೆಯ ಬೆಲೆ. ಈ ನಗರ ಅವರನ್ನು ಗುರುತಿಸಲೇ ಇಲ್ಲವೆಂದು ಹೇಳುವಂತಿಲ್ಲ. 2011ರಲ್ಲಿ, ಲೋಕ ಅದಾಲತ್ತಿನ ಸೂಚನೆಯ ಮೇರೆಗೆ, ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. 2012ರಲ್ಲಿ ಮಾವಳ್ಳಿಪುರದ ತಿಪ್ಪೆ ಮುಚ್ಚಿ ಊರೆಲ್ಲ ನಾರಿದಾಗ, ವಾರ್ಡಿಗೊಂದು ಒಣಕಸದ ಕೇಂದ್ರ ಬೇಕೆಂಬ ಮಾತಿಗೆ ಬಲ ಬಂತು. ಹಸಿರು ದಳದಂಥ ಸಂಸ್ಥೆಗಳ ನೆರವಿನಿಂದ ಅಂಥ ಕೆಲವು ಕೇಂದ್ರಗಳನ್ನು ಆಯುವವರೇ ನಡೆಸುವಂತಾಯಿತು. ಚೀಟಿಯಲ್ಲಿ ಹೆಸರು ಬಂತು. ಯಂತ್ರದಲ್ಲಿ ಬಾರದೆ ಹೋದರೆ ಆ ಚೀಟಿಗೆ ಬೆಲೆಯೇನು?

ಯಾವ ಸಲಕರಣೆ ಕೈಯನ್ನು ಓದಿಕೊಂಡು ಬಂದಿದೆ, ಯಾವುದು ಓದದೆ ಬಂದಿದೆ ಎಂದು ತಿಳಿಯುವುದು ಕಷ್ಟವಲ್ಲ. ಒಬ್ಬ ದಾನಿಗಳು ಆ ಗೋದಾಮಿಗೆ ದಪ್ಪ ರಬ್ಬರಿನ ಕೈಚೀಲಗಳನ್ನು ಕೊಡಿಸಿದ್ದರಂತೆ. ಹೆಂಗಸರು ಅವುಗಳ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯನ್ನು ಕತ್ತರಿಸಿ ಹಾಕಿಕೊಂಡಿದ್ದರು. ದಾನಿಗಳಿಗೆ ಬೇಸರವಾಯಿತಂತೆ. ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಕೊಟ್ಟರೆ ಓದುವವರು ಮಾಡುವುದೂ ಅದನ್ನೇ. ಅದೇ ಗೋದಾಮಿಗೆ ಸೊಂಟದೆತ್ತರದ ಒಂದು ಮೇಜು ಬಂದಿದೆ, ಮೇಲೆ ಬಿಳಿಯ ದೀಪ, ಪಕ್ಕದಲ್ಲಿ ಗಾಳಿ ಎಳೆಯುವ ಫ್ಯಾನು. ಇದಕ್ಕಿಂತ ದೊಡ್ಡ ತಂತ್ರಜ್ಞಾನವನ್ನು ಆ ಹೆಂಗಸರು ನನ್ನೆದುರು ಹೊಗಳಲಿಲ್ಲ. ಓಡುವ ಪಟ್ಟಿ ಬಂದರೆ ಏನು ಕೇಳುತ್ತೀರಿ ಎಂದೆ. “ನಿಲ್ಲಿಸೋ ಗುಂಡಿ ನಮ್ಮ ಕೈಲಿರಲಿ ಮೇಷ್ಟ್ರೆ” ಎಂದರು ಆ ತಾಯಿ.

ಆ ತರುಣ ಎಂಜಿನಿಯರನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಇದು ವಿಮರ್ಶಕನ ಕೆಲಸವಲ್ಲವೆಂದು ಮನೆಯಲ್ಲಿ ಟೀಕೆಯಾಯಿತು. ಈಗ ಎರಡು ತಿಂಗಳಿಂದ ಅಲ್ಲಿ ಕೈಯಲ್ಲಿ ಹಿಡಿಯುವ ಒಂದು ಅತಿಗೆಂಪು ಉಪಕರಣ ಇದೆ. ವಸ್ತುವಿಗೆ ತಾಗಿಸಿದರೆ ಕ್ಷಣದಲ್ಲಿ ಜಾತಿ ಹೇಳುತ್ತದೆ. ಸುಟ್ಟು ಮೂಸುವ ಪರೀಕ್ಷೆ ಬಹುಮಟ್ಟಿಗೆ ನಿಂತಿದೆ. ಮೊದಲ ವಾರ ಹೆಂಗಸರು ಅದನ್ನು ನಂಬಲಿಲ್ಲ. ಎರಡನೆಯ ವಾರ ಹುಡುಗಿಯರು ಅದನ್ನೇ ನಂಬತೊಡಗಿದರು, ಅದು ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸಿತು. ಆಮೇಲೆ ಆ ತಾಯಿಯೇ ಒಂದು ವ್ಯವಸ್ಥೆ ಮಾಡಿದರು. ಉಪಕರಣ ಒಂದು ಹೇಳಿ ತಮ್ಮ ಬೆರಳು ಇನ್ನೊಂದು ಹೇಳಿದ ವಸ್ತುಗಳನ್ನು ಯಾವ ಗುಡ್ಡೆಗೂ ಹಾಕದೆ ಪ್ರತ್ಯೇಕವಾಗಿ ಒಂದು ಬುಟ್ಟಿಯಲ್ಲಿ ಇಡುವುದು. ಶನಿವಾರ ಸಂಜೆ ಎಲ್ಲರೂ ಕೂಡಿ ಅವನ್ನು ನೀರಿನ ತೊಟ್ಟಿಗೆ ಹಾಕಿ ನೋಡುವುದು. ಎಂಜಿನಿಯರು ನೋಟುಪುಸ್ತಕ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಪುಸ್ತಕದಲ್ಲಿ ಯಾರ ಬೆರಳು ಏನು ಹೇಳಿತೆಂದು ಹೆಸರು ಸಹಿತ ಬರೆಯಬೇಕೆಂಬ ಷರತ್ತು ಅವರ ಮಗಳದು.

ಹೋದ ಶನಿವಾರ ನಾನು ಹೋದಾಗ ಬುಟ್ಟಿ ಅರ್ಧ ತುಂಬಿತ್ತು. ಹೆಚ್ಚಿನವು ಕರಿಯ ಚೂರುಗಳು. “ಇವತ್ತು ಮೂರು ಸಲ ಅದೇ ಸರಿ ಹೇಳ್ತು ಮೇಷ್ಟ್ರೆ” ಎಂದು ಆಕೆ ತಾವಾಗಿಯೇ ಒಪ್ಪಿಕೊಂಡು, ಉಳಿದವನ್ನು ಒಂದೊಂದಾಗಿ ನೀರಿಗೆ ಬಿಡತೊಡಗಿದರು.